ಬಹುಮಾನದ ಮೊತ್ತವೂ ಮಳಿಗೆಯ ಲೆಕ್ಕವೂ

2021ರ ಅಕ್ಟೋಬರ್ ತಿಂಗಳಿನಲ್ಲಿ ರೊಮೇನಿಯಾದ ರಾಜಧಾನಿ ಬುಖಾರೆಸ್ಟ್‌ನಲ್ಲಿ ನಡೆದ ಒಂದು ವಿಶ್ವ ಪಂದ್ಯಾವಳಿಯ ಒಟ್ಟು ಬಹುಮಾನ 4 ಕೋಟಿ ಅಮೆರಿಕನ್ ಡಾಲರ್. ಅಂದಿನ ವಿನಿಮಯ ದರದಲ್ಲಿ ಇದು ಸುಮಾರು 300 ಕೋಟಿ ರೂಪಾಯಿಗೆ ಸಮ. ಗೆದ್ದ ‘ಟೀಮ್ ಸ್ಪಿರಿಟ್’ ಎಂಬ ಐವರು ಯುವಕರ ತಂಡಕ್ಕೆ ಸಂದದ್ದು 1 ಕೋಟಿ 82 ಲಕ್ಷ ಡಾಲರ್. ಎರಡು ವರ್ಷಗಳ ನಂತರ, 2023ರಲ್ಲಿ, ಅದೇ ಪಂದ್ಯಾವಳಿ ಅಮೆರಿಕದ ಸಿಯಾಟಲ್ ನಗರದಲ್ಲಿ ನಡೆಯಿತು. ಗೆದ್ದದ್ದು ಅದೇ ತಂಡ. ಐವರ ಪೈಕಿ ನಾಲ್ವರು ಆಟಗಾರರೂ ಅವರೇ. ಆದರೆ ಈ ಬಾರಿ ಅವರ ಕೈಸೇರಿದ್ದು ಸುಮಾರು 14 ಲಕ್ಷ ಡಾಲರ್ ಮಾತ್ರ. ಮೊದಲಿನ ಮೊತ್ತದ ಹತ್ತರಲ್ಲಿ ಒಂದು ಪಾಲೂ ಅಲ್ಲ.

ಆಟ ಬದಲಾಗಿರಲಿಲ್ಲ. ಪ್ರಶಸ್ತಿಯ ಹೆಸರು ಬದಲಾಗಿರಲಿಲ್ಲ. ಆಟಗಾರರ ನೈಪುಣ್ಯವೂ ಕುಂದಿರಲಿಲ್ಲ. ಬದಲಾದದ್ದು ಒಂದು ಮಳಿಗೆಯಲ್ಲಿ ಮಾರಾಟಕ್ಕಿಟ್ಟ ಸರಕು. ಈ ಒಂದು ಸಂಗತಿಯನ್ನು ವ್ಯಾಪಾರದ ದೃಷ್ಟಿಯಿಂದ ಪರಿಶೀಲಿಸುವುದು ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಅಗತ್ಯ. ಗಣಕಯಂತ್ರದ ಆಟಗಳ ಗೋಜು ತಮಗೇಕೆ ಎಂದು ಕೇಳುವವರೂ ಈ ಲೆಕ್ಕವನ್ನು ಒಮ್ಮೆ ನೋಡಿದರೆ, ಅದರಲ್ಲಿ ತಮ್ಮ ಅಂಗಡಿಯ ಖಾತೆ ಪುಸ್ತಕದ ಕೆಲವು ಪುಟಗಳನ್ನು ಗುರುತಿಸಿಯಾರು.

ಪಂದ್ಯಾವಳಿಯ ಸ್ವರೂಪ

ಈ ಪಂದ್ಯಾವಳಿಯ ಹೆಸರು ‘ದಿ ಇಂಟರ್‌ನ್ಯಾಷನಲ್’. ಆಟದ ಹೆಸರು ‘ಡೋಟಾ 2’. ಐದೈದು ಜನರ ಎರಡು ತಂಡಗಳು ಗಣಕಯಂತ್ರಗಳ ಮುಂದೆ ಕುಳಿತು, ಪರದೆಯ ಮೇಲಿನ ರಣರಂಗದಲ್ಲಿ ಎದುರಾಳಿಯ ಕೋಟೆಯನ್ನು ಕೆಡವಲು ಸೆಣಸುವುದು ಆಟದ ಸಾರ. ನೂರಕ್ಕೂ ಹೆಚ್ಚು ಪಾತ್ರಗಳಿಂದ ಆಟಗಾರರು ತಮಗೆ ಬೇಕಾದವನ್ನು ಆರಿಸಿಕೊಳ್ಳಬಹುದು. ಆಟವನ್ನು ರೂಪಿಸಿ ನಡೆಸುತ್ತಿರುವುದು ಅಮೆರಿಕದ ವಾಲ್ವ್ ಎಂಬ ಸಂಸ್ಥೆ. ಪಂದ್ಯಾವಳಿಯನ್ನು ಆರಂಭಿಸಿದ್ದೂ ಅದೇ ಸಂಸ್ಥೆ.

2011ರ ಆಗಸ್ಟ್‌ನಲ್ಲಿ ಜರ್ಮನಿಯ ಕಲೋನ್ ನಗರದ ಆಟಗಳ ವಸ್ತುಪ್ರದರ್ಶನದಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ಅಂದು 16 ತಂಡಗಳಿದ್ದವು. ಒಟ್ಟು ಬಹುಮಾನ 16 ಲಕ್ಷ ಡಾಲರ್. ಉಕ್ರೇನ್ ದೇಶದ ವಿಜೇತ ತಂಡಕ್ಕೆ 10 ಲಕ್ಷ. ಇಡೀ ಮೊತ್ತವನ್ನು ವಾಲ್ವ್ ಸಂಸ್ಥೆ ತನ್ನ ಬೊಕ್ಕಸದಿಂದಲೇ ಕೊಟ್ಟಿತು. ಹೊಸ ಸರಕನ್ನು ಪೇಟೆಗೆ ತರುವಾಗ ಪ್ರಚಾರಕ್ಕೆ ಹಣ ಸುರಿಯುವುದು ಯಾವ ವ್ಯಾಪಾರದಲ್ಲೂ ಇರುವ ಪದ್ಧತಿ. 2012ರಲ್ಲಿಯೂ ಬಹುಮಾನ ಅಷ್ಟೇ ಇತ್ತು.

2013ರಲ್ಲಿ ಸಂಸ್ಥೆ ಒಂದು ಹೊಸ ಉಪಾಯವನ್ನು ಕಂಡುಕೊಂಡಿತು. ‘ಕಂಪೆಂಡಿಯಂ’ ಎಂಬ ಡಿಜಿಟಲ್ ಹೊತ್ತಗೆಯೊಂದನ್ನು ಸುಮಾರು 10 ಡಾಲರ್ ಬೆಲೆಗೆ ಮಾರಾಟಕ್ಕಿಟ್ಟಿತು. ಪ್ರತಿಯೊಂದು ಹೊತ್ತಗೆ ಮಾರಾಟವಾದಾಗಲೂ ಎರಡೂವರೆ ಡಾಲರ್, ಅಂದರೆ ಶೇಕಡಾ 25 ಭಾಗ, ಬಹುಮಾನ ನಿಧಿಗೆ ಸೇರುವುದೆಂದು ಘೋಷಿಸಿತು. ನಿಧಿ ಎಷ್ಟಾಯಿತೆಂಬುದನ್ನು ಎಲ್ಲರೂ ದಿನದಿನವೂ ನೋಡುವಂತೆ ಪ್ರಕಟಿಸಿತು. ಆ ವರ್ಷ ಬಹುಮಾನ 28 ಲಕ್ಷ ಡಾಲರ್ ದಾಟಿತು.

ಮುಂದಿನದು ಯಾವ ವ್ಯಾಪಾರಿಯೂ ಬೆರಗಾಗುವ ಬೆಳವಣಿಗೆ. 2014ರಲ್ಲಿ 1 ಕೋಟಿ 9 ಲಕ್ಷ ಡಾಲರ್. 2015ರಲ್ಲಿ 1 ಕೋಟಿ 84 ಲಕ್ಷ. 2017ರಲ್ಲಿ 2 ಕೋಟಿ 47 ಲಕ್ಷ. 2019ರಲ್ಲಿ ಚೀನಾದ ಶಾಂಘೈನಲ್ಲಿ 3 ಕೋಟಿ 43 ಲಕ್ಷ. ಬುಖಾರೆಸ್ಟ್‌ನಲ್ಲಿ 4 ಕೋಟಿ. ಈ ನಡುವೆ ಹೊತ್ತಗೆಯ ಹೆಸರು ‘ಬ್ಯಾಟಲ್ ಪಾಸ್’ ಎಂದಾಯಿತು. ಅದನ್ನು ಕೊಂಡವರಿಗೆ ಆಟದ ಪಾತ್ರಗಳಿಗೆ ತೊಡಿಸುವ ಉಡುಗೆ, ಆಯುಧ, ಅಲಂಕಾರಗಳು ದೊರೆಯುತ್ತಿದ್ದವು. ಇವುಗಳಿಂದ ಆಟದಲ್ಲಿ ಬಲ ಹೆಚ್ಚುವುದಿಲ್ಲ. ಚೆಂದ ಮಾತ್ರ ಹೆಚ್ಚುತ್ತದೆ. ಹೆಚ್ಚು ಹಣ ಕೊಟ್ಟು ಮೇಲಿನ ಮೆಟ್ಟಿಲುಗಳನ್ನು ಏರಿದವರಿಗೆ ಬೇರೆಲ್ಲೂ ಸಿಗದ ಒಡವೆಗಳು ಸಿಗುತ್ತಿದ್ದವು.

ನಾಲ್ಕರಲ್ಲಿ ಒಂದು, ನಾಲ್ಕರಲ್ಲಿ ಮೂರು

ಪತ್ರಿಕೆಗಳು ವರ್ಷವರ್ಷವೂ ದಾಖಲೆಯ ಬಹುಮಾನವನ್ನು ಕೊಂಡಾಡಿದವು. ವಿಂಬಲ್ಡನ್‌ನೊಡನೆ, ಗಾಲ್ಫ್ ಪಂದ್ಯಗಳೊಡನೆ ಹೋಲಿಸಿದವು. ಆದರೆ ವರ್ತಕನ ಕಣ್ಣು ಮೊದಲು ಹೋಗಬೇಕಾದದ್ದು ಉಳಿದ ಮುಕ್ಕಾಲು ಪಾಲಿನ ಕಡೆಗೆ. 4 ಕೋಟಿ ಡಾಲರ್ ನಿಧಿಯಲ್ಲಿ ಸಂಸ್ಥೆಯ ಮೂಲ ಕೊಡುಗೆ 16 ಲಕ್ಷ. ಉಳಿದ 3 ಕೋಟಿ 84 ಲಕ್ಷ ಮಾರಾಟದ ಕಾಲು ಭಾಗವೆಂದಾದರೆ, ಒಟ್ಟು ಮಾರಾಟ 15 ಕೋಟಿ ಡಾಲರ್‌ಗಿಂತ ಹೆಚ್ಚು. ಅದರಲ್ಲಿ 11 ಕೋಟಿ 50 ಲಕ್ಷದಷ್ಟು ಹಣ ಬಹುಮಾನ ನಿಧಿಗೆ ಬರದೆ ಮಾರಾಟಗಾರನ ಪಾಲಿಗೆ ಉಳಿಯಿತು. ಖರ್ಚು, ತೆರಿಗೆ, ಸಿಬ್ಬಂದಿ ಸಂಬಳಗಳನ್ನು ಕಳೆದರೂ ಇದು ಅಲ್ಪ ಮೊತ್ತವಲ್ಲ.

ಇದರಲ್ಲಿ ವಂಚನೆಯೇನೂ ಇಲ್ಲ. ಪಾಲಿನ ಪ್ರಮಾಣವನ್ನು ಸಂಸ್ಥೆ ಬಹಿರಂಗವಾಗಿ ಸಾರಿತ್ತು; ಗ್ರಾಹಕರು ತಿಳಿದೇ ಕೊಂಡರು. ನಿಜಕ್ಕೂ ಈ ಪಾರದರ್ಶಕತೆಯೇ ಯೋಜನೆಯ ಜೀವಾಳ. ‘ನೀವು ಕೊಟ್ಟ ಹಣದಲ್ಲಿ ಇಷ್ಟು ಭಾಗ ಇಂಥ ಕಾರ್ಯಕ್ಕೆ ಹೋಗುತ್ತದೆ’ ಎಂದು ನಿಖರವಾಗಿ ಹೇಳಿ, ಅದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರೆ ಗಿರಾಕಿಯ ಕೈ ಬಿಗಿಯಾಗುವುದಿಲ್ಲ, ಸಡಿಲಾಗುತ್ತದೆ. ಹಬ್ಬದ ಕಾಲದಲ್ಲಿ ರಿಯಾಯಿತಿಯ ಫಲಕ ತೂಗುಹಾಕುವ ಅಂಗಡಿಗಳು ಈ ಪಾಠವನ್ನು ಕಲಿಯಬಹುದು. ‘ಲಾಭದ ಒಂದಂಶ ಸತ್ಕಾರ್ಯಕ್ಕೆ’ ಎಂಬ ಮಸುಕಾದ ಮಾತಿಗಿಂತ ‘ಪ್ರತಿ ಸೀರೆಗೆ 20 ರೂಪಾಯಿ ಊರಿನ ಶಾಲೆಗೆ, ಇಂದಿನವರೆಗೆ ಸೇರಿದ್ದು ಇಷ್ಟು’ ಎಂಬ ಫಲಕಕ್ಕೆ ಬೆಲೆ ಹೆಚ್ಚು.

ಆದರೆ ತಪ್ಪು ತಿಳಿವಳಿಕೆ ಮೂಡಿದ್ದು ಬೇರೆ ಕಡೆ. ಬಹುಮಾನ ಏರುತ್ತಿರುವುದನ್ನು ಕಂಡವರು ಕ್ರೀಡೆ ಬೆಳೆಯುತ್ತಿದೆ ಎಂದು ಭಾವಿಸಿದರು. ವಾಸ್ತವವಾಗಿ ಬೆಳೆಯುತ್ತಿದ್ದುದು ಮಳಿಗೆಯ ಮಾರಾಟ. ಬಹುಮಾನದ ಮೊತ್ತವೆಂಬುದು ಕ್ರೀಡೆಯ ಆರೋಗ್ಯದ ಅಳತೆಗೋಲಾಗಿರಲಿಲ್ಲ. ಅಲಂಕಾರ ಸಾಮಗ್ರಿಗಳ ವಹಿವಾಟಿನ ಅಳತೆಗೋಲಾಗಿತ್ತು.

ಇದಕ್ಕೆ ಪುರಾವೆ ಮುಂದಿನ ವರ್ಷಗಳಲ್ಲೇ ದೊರೆಯಿತು. ಬುಖಾರೆಸ್ಟ್‌ನ 4 ಕೋಟಿ ಸೇರಿದ್ದು 2020ರ ಬ್ಯಾಟಲ್ ಪಾಸ್‌ನಿಂದ. ಅದು ಆ ವರ್ಷದ ಮೇ ತಿಂಗಳಿನಿಂದ ಹಲವು ತಿಂಗಳ ಕಾಲ ಮಾರಾಟದಲ್ಲಿತ್ತು. 2022ರಲ್ಲಿ ಸೆಪ್ಟೆಂಬರ್ ಮೊದಲ ದಿನ ಮಾರಾಟ ಆರಂಭವಾಗಿ, ಅಕ್ಟೋಬರ್‌ನಲ್ಲೇ ಸಿಂಗಪುರದಲ್ಲಿ ಪಂದ್ಯಗಳು ಮುಗಿದವು. ನಿಧಿ 1 ಕೋಟಿ 89 ಲಕ್ಷಕ್ಕೆ ಇಳಿಯಿತು. 2023ರ ಜೂನ್‌ನಲ್ಲಿ ಸಂಸ್ಥೆ ಬ್ಯಾಟಲ್ ಪಾಸ್ ಪದ್ಧತಿಯಿಂದಲೇ ದೂರ ಸರಿಯುವುದಾಗಿ ತಿಳಿಸಿತು. ವರ್ಷದ ಎಲ್ಲ ಹೊಸತನವನ್ನೂ ಒಂದೇ ಮಾರಾಟಕ್ಕೆ ಕೂಡಿಡಬೇಕಾಗುತ್ತದೆ, ಆದರೆ ಆಟಗಾರರಲ್ಲಿ ಹೆಚ್ಚಿನವರು ಅದನ್ನು ಕೊಳ್ಳುವುದೇ ಇಲ್ಲ ಎಂಬುದು ಅದು ಕೊಟ್ಟ ಕಾರಣ. ಆ ವರ್ಷವೂ ಒಂದು ಕಂಪೆಂಡಿಯಂ ಇತ್ತು. ಶೇಕಡಾ 25ರ ನಿಯಮವೂ ಇತ್ತು. ಇಲ್ಲದ್ದು ಗಿರಾಕಿಗಳನ್ನು ಸೆಳೆಯುತ್ತಿದ್ದ ಒಡವೆಗಳು ಮಾತ್ರ. ನಿಧಿ 31 ಲಕ್ಷದ ಆಸುಪಾಸಿನಲ್ಲಿ ನಿಂತಿತು. 2024ರಲ್ಲಿ ಕೋಪನ್‌ಹೇಗನ್‌ನಲ್ಲಿಯೂ 2025ರಲ್ಲಿ ಹ್ಯಾಂಬರ್ಗ್‌ನಲ್ಲಿಯೂ ಅದು 30 ಲಕ್ಷವನ್ನು ಮುಟ್ಟಲಿಲ್ಲ. ಜನ ಹಣ ಕೊಟ್ಟದ್ದು ಸರಕಿಗೆ. ಪಂದ್ಯಾವಳಿ ಆ ಸರಕಿಗೆ ಕಟ್ಟಿದ ತೋರಣವಾಗಿತ್ತು.

ನಿರ್ಧಾರ ಸರಿ, ಭಾರ ಯಾರಿಗೆ?

ಸಂಸ್ಥೆಯ ನಿರ್ಧಾರವನ್ನು ತಪ್ಪೆನ್ನಲಾಗದು. ವರ್ಷಕ್ಕೊಂದು ಜಾತ್ರೆಯ ಮಾರಾಟಕ್ಕಾಗಿ ಉಳಿದ ಹನ್ನೊಂದು ತಿಂಗಳ ಅಂಗಡಿಯನ್ನು ಬರಿದಾಗಿ ಇಡುವುದು ಯಾವ ವ್ಯಾಪಾರಿಗೂ ಒಳ್ಳೆಯದಲ್ಲ. ಕೊಳ್ಳುವ ಕೆಲವರಿಗಾಗಿ ಕೊಳ್ಳದ ಬಹುಮಂದಿಯನ್ನು ಮರೆಯುವುದೂ ಜಾಣತನವಲ್ಲ. ಇಷ್ಟನ್ನು ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಈ ನಿರ್ಧಾರದ ಭಾರವನ್ನು ಹೊತ್ತವರು ಯಾರು?

ಬಹುಮಾನದ ಏರಿಕೆಯನ್ನು ನಂಬಿ ತಂಡಗಳು ಕಟ್ಟಲ್ಪಟ್ಟಿದ್ದವು. ಆಟಗಾರರಿಗೆ ಸಂಬಳ, ತರಬೇತಿಗೆ ಮನೆ, ತರಬೇತುದಾರ, ಪ್ರಯಾಣ, ವೀಸಾ ಇವೆಲ್ಲವೂ ವರ್ಷವಿಡೀ ನಡೆಯಬೇಕಾದ ಖರ್ಚು. ಆದಾಯವಾದರೋ ವರ್ಷಕ್ಕೊಮ್ಮೆ, ಅದೂ ಗೆದ್ದರೆ. ಬುಖಾರೆಸ್ಟ್‌ನಲ್ಲಿ 18 ತಂಡಗಳಿದ್ದವು. ನಿಧಿಯ ಶೇಕಡಾ 45ಕ್ಕೂ ಹೆಚ್ಚು ಭಾಗ ಒಂದೇ ತಂಡಕ್ಕೆ ಹೋಯಿತು; ಎರಡನೆಯ ತಂಡಕ್ಕೆ ಶೇಕಡಾ 13ರಷ್ಟು; ಉಳಿದ 16 ತಂಡಗಳು ಮಿಕ್ಕದ್ದನ್ನು ಹಂಚಿಕೊಂಡವು. ಅಲ್ಲಿಗೆ ಬರಲಾಗದೆ ಅರ್ಹತಾ ಸುತ್ತಿನಲ್ಲೇ ಸೋತ ತಂಡಗಳ ಲೆಕ್ಕ ಈ ಪಟ್ಟಿಯಲ್ಲೇ ಇಲ್ಲ. ಹಂಚಿಕೆ ಹೀಗಿರುವಾಗ ಅದನ್ನು ಉದ್ಯಮವೆನ್ನುವುದಕ್ಕಿಂತ ಲಾಟರಿಯೆನ್ನುವುದು ಸತ್ಯಕ್ಕೆ ಹತ್ತಿರ. ಲಾಟರಿಯ ಮೊತ್ತವೇ ಇಳಿದಾಗ ಟಿಕೆಟ್ಟಿಗಾಗಿ ಸಾಲ ಮಾಡಿದವನ ಗತಿಯೇನು?

ಈ ಪದ್ಧತಿಯಿಂದ ಒಳಿತೇ ಆಗಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. 2018ರಲ್ಲಿ ಪಂದ್ಯಾವಳಿಗೆ ಕೆಲವೇ ತಿಂಗಳ ಮುನ್ನ ಆಟಗಾರರನ್ನು ಕಳೆದುಕೊಂಡಿದ್ದ ‘ಓಜಿ’ ಎಂಬ ಯೂರೋಪಿನ ತಂಡ, ದೊಡ್ಡ ವೇದಿಕೆಯ ಅನುಭವವೇ ಇಲ್ಲದ ಫಿನ್ಲೆಂಡ್‌ನ ತರುಣನೊಬ್ಬನನ್ನು ಸೇರಿಸಿಕೊಂಡು, ಎಲ್ಲರಿಗೂ ಮುಕ್ತವಾದ ಅರ್ಹತಾ ಸುತ್ತಿನಿಂದ ಮೇಲೇರಿ ಬಂದು ಕೆನಡಾದ ವ್ಯಾಂಕೂವರ್‌ನಲ್ಲಿ ಪ್ರಶಸ್ತಿ ಗೆದ್ದಿತು. ಮರುವರ್ಷವೂ ಗೆದ್ದು, ಎರಡು ಬಾರಿ ಗೆದ್ದ ಮೊದಲ ತಂಡವೆನಿಸಿತು. ವಶೀಲಿಯಿಲ್ಲದೆ, ವಂಶದ ಬಲವಿಲ್ಲದೆ ನೈಪುಣ್ಯವೊಂದರಿಂದಲೇ ಶಿಖರವೇರಲು ಬಾಗಿಲು ತೆರೆದಿತ್ತು ಎಂಬುದು ಮೆಚ್ಚಬೇಕಾದ ಸಂಗತಿ. ಆದರೆ ಶಿಖರವನ್ನು ಮಾತ್ರ ಪೋಷಿಸಿ ತಪ್ಪಲನ್ನು ಒಣಗಲು ಬಿಟ್ಟರೆ, ಮುಂದಿನ ಸಾಹಸಿಗಳು ಹತ್ತುವುದಾದರೂ ಎಲ್ಲಿಂದ? ಸಣ್ಣ ತಯಾರಕರಿಗೆ ಈ ಮಾತು ಹೊಸದಲ್ಲ. ದೊಡ್ಡ ಕಾರ್ಖಾನೆಯ ಲಾಭ ಏರಿದ ವರ್ಷವೂ ಬಿಡಿಭಾಗ ಪೂರೈಸುವವರ ಬಿಲ್ಲುಗಳು ತಿಂಗಳುಗಟ್ಟಲೆ ಬಾಕಿ ಉಳಿಯುವುದು ಕೈಗಾರಿಕಾ ವಸಾಹತುಗಳ ನಿತ್ಯದ ಅನುಭವ.

ಮೈದಾನದ ಒಡೆತನ

ಇ-ಕ್ರೀಡೆಗೂ ಇತರ ಕ್ರೀಡೆಗಳಿಗೂ ಇರುವ ಮೂಲಭೂತ ವ್ಯತ್ಯಾಸವನ್ನು ಇಲ್ಲಿ ಮನಗಾಣಬೇಕು. ಕಬಡ್ಡಿಗೆ ಒಡೆಯನಿಲ್ಲ. ಫುಟ್‌ಬಾಲ್ ಆಡಲು ಯಾರ ಪರವಾನಗಿಯೂ ಬೇಕಿಲ್ಲ. ಕ್ರಿಕೆಟ್ ಮಂಡಳಿ ಎಷ್ಟೇ ಪ್ರಬಲವಾಗಿದ್ದರೂ ಬ್ಯಾಟು-ಚೆಂಡನ್ನು ಪೇಟೆಯಿಂದ ಹಿಂದಕ್ಕೆ ಪಡೆಯಲಾರದು. ಆದರೆ ಡೋಟಾ 2 ಒಂದು ಸಂಸ್ಥೆಯ ಸ್ವತ್ತು. ಜಾತ್ರೆಯ ಮೈದಾನ, ಮಳಿಗೆ, ತಕ್ಕಡಿ, ಸುಂಕದ ಕಟ್ಟೆ ಎಲ್ಲವೂ ಒಬ್ಬನದೇ ಆದಂತೆ. ಆಟದ ನಿಯಮವನ್ನು ಅದು ಇಂದು ರಾತ್ರಿ ಬದಲಿಸಬಹುದು. 2017ರಲ್ಲಿ ಸಂಸ್ಥೆಯೇ ಆರಂಭಿಸಿದ ವೃತ್ತಿಪರ ಪಂದ್ಯಗಳ ಸರಣಿಯನ್ನು 2023ರಲ್ಲಿ ಅದೇ ನಿಲ್ಲಿಸಿತು.

ಒಡೆತನದ ಈ ಪ್ರಶ್ನೆ ಆಟದ ಹುಟ್ಟಿನಲ್ಲೇ ಇದೆ. ಡೋಟಾ ಮೊದಲು ಹುಟ್ಟಿದ್ದು ವಾಲ್ವ್‌ನ ಅಂಗಳದಲ್ಲಲ್ಲ. ಬ್ಲಿಜರ್ಡ್ ಎಂಬ ಮತ್ತೊಂದು ಅಮೆರಿಕನ್ ಸಂಸ್ಥೆಯ ‘ವಾರ್‌ಕ್ರಾಫ್ಟ್ 3’ ಆಟದ ಜೊತೆ ಕೊಟ್ಟಿದ್ದ ಉಪಕರಣಗಳನ್ನು ಬಳಸಿ ಹವ್ಯಾಸಿಗಳು 2003ರ ಸುಮಾರಿಗೆ ಅದನ್ನು ರೂಪಿಸಿದರು. ಒಬ್ಬರ ಕೈಯಿಂದ ಒಬ್ಬರಿಗೆ ದಾಟುತ್ತ ಅದು ಬೆಳೆಯಿತು. ಲಕ್ಷಾಂತರ ಜನ ಆಡಿದರು. ತನ್ನ ಹಿತ್ತಲಲ್ಲೇ ಬೆಳೆದ ಈ ಗಿಡದ ಬೆಲೆಯನ್ನು ಬ್ಲಿಜರ್ಡ್ ಹೊತ್ತಿಗೆ ಸರಿಯಾಗಿ ಅರಿಯಲಿಲ್ಲ. ಆಟವನ್ನು ಪೋಷಿಸುತ್ತಿದ್ದ ‘ಐಸ್‌ಫ್ರಾಗ್’ ಎಂಬ ಗುಪ್ತನಾಮದ ವಿನ್ಯಾಸಕಾರನನ್ನು 2009ರಲ್ಲಿ ವಾಲ್ವ್ ತನ್ನಲ್ಲಿಗೆ ಕರೆದುಕೊಂಡಿತು. 2010ರಲ್ಲಿ ಹೆಸರಿನ ವ್ಯಾಪಾರ ಚಿಹ್ನೆಗೆ ಅರ್ಜಿ ಹಾಕಿತು. ಬ್ಲಿಜರ್ಡ್ ಎಚ್ಚೆತ್ತು ತಕರಾರು ಹೂಡಿತು. 2012ರ ಮೇ ತಿಂಗಳಿನಲ್ಲಿ ರಾಜಿಯಾಯಿತು: ವಾಣಿಜ್ಯ ಬಳಕೆಗೆ ಡೋಟಾ ಎಂಬ ಹೆಸರು ವಾಲ್ವ್‌ಗೆ, ಬ್ಲಿಜರ್ಡ್ ತನ್ನ ಹೊಸ ಆಟಕ್ಕೆ ಬೇರೆ ಹೆಸರು ಹುಡುಕಬೇಕು. 2020ರಲ್ಲಿ ಬ್ಲಿಜರ್ಡ್ ತನ್ನ ನಿಯಮಗಳನ್ನು ತಿದ್ದಿ, ಬಳಕೆದಾರರು ತನ್ನ ಆಟದೊಳಗೆ ರೂಪಿಸುವ ಆಟಗಳ ಹಕ್ಕೆಲ್ಲ ತನ್ನದೆಂದು ಬರೆದುಕೊಂಡಿತು. ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಹೆಸರನ್ನು ನೋಂದಾಯಿಸದೆ ತಲೆಮಾರುಗಳಿಂದ ಅಗರಬತ್ತಿ, ಉಪ್ಪಿನಕಾಯಿ, ಚಟ್ನಿಪುಡಿ, ಕೈಮಗ್ಗದ ಬಟ್ಟೆ ಮಾರುತ್ತಿರುವ ಮನೆತನಗಳು ರಾಜ್ಯದಲ್ಲಿ ಅಸಂಖ್ಯ. ‘ಎಲ್ಲರಿಗೂ ಗೊತ್ತಿರುವ ಹೆಸರಿಗೆ ನೋಂದಣಿಯೇಕೆ’ ಎಂಬ ಉದಾಸೀನ ಸಾಮಾನ್ಯ. ಎಲ್ಲರಿಗೂ ಗೊತ್ತಿರುವ ಹೆಸರನ್ನೇ ಬೇರೊಬ್ಬರು ಬಯಸುತ್ತಾರೆಂಬುದಕ್ಕೆ ಡೋಟಾ ಪ್ರಕರಣಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪ್ರಾಯೋಜಕನ ಮನಸ್ಸು

ಒಡೆಯನ ಮಳಿಗೆಯನ್ನು ನಂಬುವುದು ಅಪಾಯವೆಂದಾದರೆ ಪ್ರಾಯೋಜಕನನ್ನು ನಂಬಬಹುದೇ? ಇದಕ್ಕೂ ಇತಿಹಾಸದಲ್ಲಿ ಉತ್ತರವಿದೆ. ಇ-ಕ್ರೀಡೆಯ ಒಲಿಂಪಿಕ್ಸ್ ಎಂದೇ ಹೆಸರಾಗಿದ್ದ ‘ವರ್ಲ್ಡ್ ಸೈಬರ್ ಗೇಮ್ಸ್’ 2001ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ವಿಧ್ಯುಕ್ತವಾಗಿ ಆರಂಭವಾಗಿ, ಸ್ಯಾನ್ ಫ್ರಾನ್ಸಿಸ್ಕೊ, ಸಿಂಗಪುರ, ಇಟಲಿಯ ಮೊಂಜಾ, ಚೀನಾದ ಚೆಂಗ್ಡು ಮೊದಲಾದ ಕಡೆ ನಡೆಯಿತು. ಅದರ ಬೆನ್ನೆಲುಬು ಸ್ಯಾಮ್‌ಸಂಗ್. 2013ರಲ್ಲಿ ಚೀನಾದ ಕುನ್‌ಶಾನ್‌ನಲ್ಲಿ ನಡೆದದ್ದೇ ಆ ಅವಧಿಯ ಕೊನೆಯ ಕೂಟ. 2014ರ ಆರಂಭದಲ್ಲಿ ಅದನ್ನು ನಿಲ್ಲಿಸಲಾಯಿತು. ಮುಂದೆ ಹೆಸರಿನ ಹಕ್ಕು ಬೇರೊಂದು ಕೊರಿಯನ್ ಸಂಸ್ಥೆಗೆ ಮಾರಾಟವಾಯಿತು. ಬೆನ್ನೆಲುಬು ಒಂದೇ ಇದ್ದಾಗ ಅದು ಸರಿದರೆ ದೇಹ ನಿಲ್ಲದು.

ಇಂದು ಆ ಸ್ಥಾನದಲ್ಲಿ ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆಯ ಹಣವಿದೆ. ರಿಯಾದ್‌ನಲ್ಲಿ 2024ರಲ್ಲಿ ಆರಂಭವಾದ ‘ಇಸ್ಪೋರ್ಟ್ಸ್ ವರ್ಲ್ಡ್ ಕಪ್’ ಮೊದಲ ವರ್ಷವೇ 6 ಕೋಟಿ ಡಾಲರ್‌ಗಿಂತ ಹೆಚ್ಚಿನ ಒಟ್ಟು ಬಹುಮಾನವನ್ನೂ, 2025ರಲ್ಲಿ 7 ಕೋಟಿಗೂ ಮೀರಿದ ಬಹುಮಾನವನ್ನೂ ಘೋಷಿಸಿತು. ತಂಡಗಳು ಈಗ ಆ ಕಡೆ ಮುಖ ಮಾಡಿವೆ. ಆದರೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2024ರಲ್ಲಿ ಅದೇ ದೇಶದೊಡನೆ ಇ-ಕ್ರೀಡೆಗಳ ಒಲಿಂಪಿಕ್ಸ್‌ಗಾಗಿ ಮಾಡಿಕೊಂಡ 12 ವರ್ಷಗಳ ಒಪ್ಪಂದ, ಒಂದು ಕೂಟವೂ ನಡೆಯದೆ 2025ರಲ್ಲೇ ಕೊನೆಗೊಂಡಿತು ಎಂಬುದನ್ನೂ ನೆನಪಿನಲ್ಲಿಡಬೇಕು.

ಸರ್ಕಾರದ ಮಾನ್ಯತೆಗೂ ಬೆಲೆಯಿದೆ. 2021ರ ಪಂದ್ಯಾವಳಿ ನಡೆಯಬೇಕಿದ್ದದ್ದು ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ. ಆ ದೇಶದ ಕ್ರೀಡಾ ಒಕ್ಕೂಟ ಇ-ಕ್ರೀಡೆಯನ್ನು ತನ್ನ ತೆಕ್ಕೆಗೆ ಸೇರಿಸಿಕೊಳ್ಳಲಿಲ್ಲ. ಕೋವಿಡ್ ಕಾಲದಲ್ಲಿ ಉನ್ನತ ಕ್ರೀಡಾಕೂಟಗಳಿಗೆ ಇದ್ದ ವಿನಾಯಿತಿ ಅದಕ್ಕೆ ಸಿಗಲಿಲ್ಲ. ಹೀಗಾಗಿ ಕೂಟ ರೊಮೇನಿಯಾಕ್ಕೆ ಹೋಯಿತು. ಅಲ್ಲಿಯೂ ಸೋಂಕು ಹೆಚ್ಚಿ, ಪ್ರೇಕ್ಷಕರ ಪ್ರವೇಶವನ್ನು ಕೊನೆಯ ಗಳಿಗೆಯಲ್ಲಿ ರದ್ದುಪಡಿಸಿ ಟಿಕೆಟ್ಟಿನ ಹಣ ಮರಳಿಸಲಾಯಿತು. ಇ-ಕ್ರೀಡಾ ಜಗತ್ತಿನಲ್ಲಿ ಅದುವರೆಗಿನ ಅತಿ ದೊಡ್ಡ ಬಹುಮಾನದ ಪಂದ್ಯ ಖಾಲಿ ಕ್ರೀಡಾಂಗಣದಲ್ಲಿ ನಡೆಯಿತು. ಪಂದ್ಯಾವಳಿ ಎಲ್ಲಿ ನಡೆಯುತ್ತದೆಯೋ ಅಲ್ಲಿನ ಹೋಟೆಲು, ಸಾರಿಗೆ, ಊಟೋಪಚಾರ, ಮುದ್ರಣ, ಧ್ವನಿ-ಬೆಳಕಿನ ವ್ಯಾಪಾರಗಳಿಗೆ ಬರುವ ಸಂಪಾದನೆಯನ್ನು ಸ್ಟಾಕ್‌ಹೋಮ್ ಕಳೆದುಕೊಂಡಿತು. ಬುಖಾರೆಸ್ಟ್‌ಗೂ ಅದು ಪೂರ್ತಿಯಾಗಿ ದಕ್ಕಲಿಲ್ಲ.

ಭಾರತದ ಸ್ಥಿತಿ

ಭಾರತದಲ್ಲಿಯೂ ಈ ಕ್ಷೇತ್ರ ದೂರದ ಮಾತಾಗಿ ಉಳಿದಿಲ್ಲ. 2019ರಲ್ಲಿ ಮುಂಬಯಿಯಲ್ಲಿ 3 ಲಕ್ಷ ಡಾಲರ್ ಬಹುಮಾನದ ಅಂತರರಾಷ್ಟ್ರೀಯ ಡೋಟಾ 2 ಪಂದ್ಯಾವಳಿ ನಡೆಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬಹು-ಕ್ರೀಡಾಕೂಟಗಳ ಅಂಗವಾಗಿ ಇ-ಕ್ರೀಡೆಗೆ ಮಾನ್ಯತೆ ನೀಡಿ, ಅದನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. ಅನಿಮೇಷನ್ ಮತ್ತು ಗಣಕ ಆಟಗಳ ಉದ್ಯಮಕ್ಕೆ ಕರ್ನಾಟಕವು 2012ರಲ್ಲೇ ಪ್ರತ್ಯೇಕ ನೀತಿಯನ್ನು ರೂಪಿಸಿತ್ತು.

ಒಡೆಯನೊಬ್ಬನ ಮೈದಾನದಲ್ಲಿ ವ್ಯಾಪಾರ ಹೂಡುವ ಅಪಾಯವನ್ನೂ ಈ ದೇಶ ಕಂಡಿದೆ. ಪಬ್‌ಜಿ ಮೊಬೈಲ್ ಆಟ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಕ್ಕೊಳಗಾಯಿತು. ಅದರ ಭಾರತೀಯ ಆವೃತ್ತಿ 2021ರ ಜುಲೈನಲ್ಲಿ ಬಂದು, 2022ರ ಜುಲೈನಲ್ಲಿ ಆ್ಯಪ್ ಮಳಿಗೆಗಳಿಂದ ಮಾಯವಾಗಿ, 2023ರ ಮೇ ತಿಂಗಳಿನಲ್ಲಿ ಮರಳಿತು. ಆ ಹತ್ತು ತಿಂಗಳು, ಒಂದೇ ಆಟವನ್ನು ನಂಬಿಕೊಂಡಿದ್ದ ತಂಡ, ಆಯೋಜಕ, ಪ್ರಸಾರಕರ ಕೆಲಸಕ್ಕೆ ನೆಲವೇ ಇಲ್ಲದಾಗಿತ್ತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಒಂದು ಸ್ಪಷ್ಟ ಗೆರೆ ಎಳೆದಿದೆ. ನೈಪುಣ್ಯದ ಸ್ಪರ್ಧೆಯಾದ ಇ-ಕ್ರೀಡೆ ಒಂದು ಕಡೆ. ಹಣ ಪಣಕ್ಕಿಟ್ಟು ಆಡುವ ಆಟಗಳು ಇನ್ನೊಂದು ಕಡೆ. ಇ-ಕ್ರೀಡೆಯಲ್ಲಿ ಪ್ರವೇಶ ಶುಲ್ಕಕ್ಕೂ ಸಾಧನೆಗೆ ಕೊಡುವ ಬಹುಮಾನಕ್ಕೂ ಅವಕಾಶವಿದೆ, ಪಣಕ್ಕೆ ಇಲ್ಲ. ಹಣದ ಆಟಗಳನ್ನು ಒದಗಿಸುವುದಷ್ಟೇ ಅಲ್ಲ, ಅವುಗಳ ಜಾಹೀರಾತೂ ಅಪರಾಧ; ಜಾಹೀರಾತಿಗೆ 2 ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿವರೆಗೆ ದಂಡವನ್ನು ಕಾಯ್ದೆ ವಿಧಿಸುತ್ತದೆ. ಕಾಲೇಜು ಹುಡುಗರ ಪಂದ್ಯಾವಳಿಯೆಂದು ನಂಬಿ ಅಂಗಡಿಯ ಹೆಸರನ್ನು ಫಲಕದ ಮೇಲೆ ಹಾಕಿಸುವ ವರ್ತಕರು ಈ ಗೆರೆಯನ್ನು ಅರಿತಿರಲೇಬೇಕು.

ಆಕ್ಷೇಪಗಳಿಗೆ ಉತ್ತರ

‘ಸಣ್ಣವನಿಗೆ ಆಯ್ಕೆ ಎಲ್ಲಿದೆ? ದೊಡ್ಡವರ ನೆರಳಿನಲ್ಲೇ ಬದುಕಬೇಕಲ್ಲ’ ಎಂಬ ಮಾತು ಕೇಳಿಬರುವುದು ಸಹಜ. ಅದರಲ್ಲಿ ನಿಜಾಂಶವಿದೆ. ಒಂದೇ ಕಾರ್ಖಾನೆಗೆ ಬಿಡಿಭಾಗ ಒದಗಿಸುವ ಲೇತ್ ಯಂತ್ರದ ಒಡೆಯನೂ, ಆನ್‌ಲೈನ್ ಮಾರಾಟ ವೇದಿಕೆಯೊಂದರಲ್ಲೇ ಸರಕು ಮಾರುವ ಬಟ್ಟೆ ವ್ಯಾಪಾರಿಯೂ ಡೋಟಾ ತಂಡಗಳ ಸ್ಥಿತಿಯಲ್ಲೇ ಇದ್ದಾರೆ. ಕಪಾಟು ಆ ವೇದಿಕೆಯದು. ಯಾವ ಸರಕು ಮುಂದೆ ಕಾಣಬೇಕೆಂಬ ತೀರ್ಮಾನವೂ ಅದರದೇ. ದಲ್ಲಾಳಿ ದರವನ್ನು ಏರಿಸುವ ಅಧಿಕಾರವೂ ಅದರದೇ. ಅವರು ನಾಳೆಯೇ ಅಲ್ಲಿಂದ ಹೊರಬರಲಾರರು. ಆದರೆ ಹೊರಬರುವುದು ಬೇರೆ, ಮಿತಿ ಹಾಕಿಕೊಳ್ಳುವುದು ಬೇರೆ. ಒಬ್ಬನೇ ಖರೀದಿದಾರನಿಂದ ಬರುವ ವಹಿವಾಟು ಒಟ್ಟು ವಹಿವಾಟಿನ ಎಷ್ಟು ಭಾಗವೆಂಬುದನ್ನು ವರ್ಷಕ್ಕೊಮ್ಮೆ ಲೆಕ್ಕ ಹಾಕುವುದು, ಅದು ಅರ್ಧವನ್ನು ಮೀರಿದಾಗ ಹೊಸ ಯಂತ್ರಕ್ಕೆ ಸಾಲ ಮಾಡುವ ಮುನ್ನ ಎರಡನೆಯ ಗಿರಾಕಿಯನ್ನು ಹುಡುಕುವುದು ಯಾರ ಕೈಗೂ ಎಟುಕುವ ಎಚ್ಚರಿಕೆ. ಏರುಗಾಲದ ಆದಾಯವನ್ನು ಕಾಯಂ ಖರ್ಚಿಗೆ ಹೊಂದಿಸುವುದು ಅಪಾಯದ ಮೊದಲ ಹೆಜ್ಜೆ.

‘ಇದೆಲ್ಲ ಮಕ್ಕಳ ಕಾಲಹರಣ, ವಾಣಿಜ್ಯ ಸಂಘಕ್ಕೆ ಇದರ ಚರ್ಚೆ ಏಕೆ’ ಎಂಬುದು ಇನ್ನೊಂದು ಆಕ್ಷೇಪ. ಕಾಲಹರಣದ ಭಯ ನಿರಾಧಾರವಲ್ಲ. ಪಾಲಕರ ಆತಂಕವನ್ನು ಹಗುರವಾಗಿ ಕಾಣಲಾಗದು. ಆದರೆ ಇದೇ ಆಟಗಳ ಹಿನ್ನೆಲೆಯಲ್ಲಿ ಕುಶಲಕರ್ಮಿಗಳ ಒಂದು ಪೇಟೆಯೂ ಬೆಳೆದಿದೆ. ವಾಲ್ವ್ ತನ್ನ ಆಟಗಳ ಒಡವೆಗಳನ್ನು ಹೊರಗಿನ ಕಲಾವಿದರೂ ರೂಪಿಸಿ ಮಾರಲು ಬಿಟ್ಟಿತು. 2011ರಿಂದ 2015ರ ಆರಂಭದವರೆಗೆ ಮೂರು ಆಟಗಳಿಗೆ ಹೀಗೆ ದುಡಿದ 1,500ಕ್ಕೂ ಹೆಚ್ಚು ಮಂದಿಗೆ 5 ಕೋಟಿ 70 ಲಕ್ಷ ಡಾಲರ್ ಪಾವತಿಯಾಗಿದೆಯೆಂದು ಸಂಸ್ಥೆ ಪ್ರಕಟಿಸಿತ್ತು. ಪಂದ್ಯ ಗೆಲ್ಲುವವರು ಬೆರಳೆಣಿಕೆ. ಕೆತ್ತುವವರು, ಬಣ್ಣ ಹಚ್ಚುವವರು, ಬರೆಯುವವರು ಅನೇಕ. ಮಗ ಆಟಗಾರನಾಗಲು ಹೊರಟಾಗ ಬೆಚ್ಚುವ ತಂದೆ, ಅವನು ಆ ಆಟದ ಕುಶಲಕರ್ಮಿಯಾಗಲು ಹೊರಟರೆ ಲೆಕ್ಕ ಕೇಳಿ ಒಪ್ಪಬಹುದು.

ಆಗಬೇಕಾದದ್ದು

ಪಂದ್ಯಾವಳಿಗೆ ಪ್ರಾಯೋಜಕತ್ವ ಕೇಳಿ ಬಂದವರನ್ನು ವರ್ತಕರು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಮೊದಲನೆಯದು: ಆಟದ ಒಡೆತನವಿರುವ ಸಂಸ್ಥೆಯಿಂದ ಪಂದ್ಯಾವಳಿ ನಡೆಸಲು ಪರವಾನಗಿ ಇದೆಯೇ? ಎರಡನೆಯದು: ಬಹುಮಾನದ ಹಣ ಈಗಲೇ ಬ್ಯಾಂಕಿನಲ್ಲಿದೆಯೇ, ಅಥವಾ ಮುಂದೆ ಮಾರಾಟವಾಗಲಿರುವ ಟಿಕೆಟ್ಟಿನ ಮೇಲಿನ ಭರವಸೆಯೇ? ಮೂರನೆಯದು: ಪಣದ ಅಂಶವೇನಾದರೂ ಅಡಗಿದೆಯೇ? ನಾಲ್ಕನೆಯದು: ಪಂದ್ಯ ರದ್ದಾದರೆ ಪ್ರಾಯೋಜಕನ ಹಣ ಮರಳುವ ಬಗ್ಗೆ ಕರಾರು ಪತ್ರದಲ್ಲಿ ಏನಿದೆ? ಈ ನಾಲ್ಕಕ್ಕೂ ಲಿಖಿತ ಉತ್ತರ ಕೊಡುವ ಆಯೋಜಕನಿಗೆ ಧಾರಾಳವಾಗಿ ನೆರವಾಗಬಹುದು.

ಇಂತಹ ಪ್ರಾಯೋಜಕತ್ವಕ್ಕೆ ಮಾದರಿ ಕರಾರು ಪತ್ರವೊಂದನ್ನು ಸಿದ್ಧಪಡಿಸಿ ಕನ್ನಡದಲ್ಲಿ ಸದಸ್ಯರಿಗೆ ಒದಗಿಸುವುದು ವಾಣಿಜ್ಯ ಸಂಘಗಳ ಕರ್ತವ್ಯ. ಅದರ ಜೊತೆಗೆ ವ್ಯಾಪಾರ ಚಿಹ್ನೆಯ ನೋಂದಣಿಗೆ ನೆರವಾಗುವ ಶಿಬಿರಗಳನ್ನು ಜಿಲ್ಲಾ ಕೇಂದ್ರಗಳಲ್ಲಿ ಏರ್ಪಡಿಸಬೇಕು. ಬೃಹತ್ ಖರೀದಿದಾರರೊಡನೆ ಹಾಗೂ ಆನ್‌ಲೈನ್ ವೇದಿಕೆಗಳೊಡನೆ ಒಬ್ಬೊಬ್ಬರೇ ಚೌಕಾಸಿ ಮಾಡಲಾಗದ ಸಣ್ಣ ಉದ್ಯಮಿಗಳ ಪರವಾಗಿ, ನಿಯಮ ಬದಲಿಸುವ ಮುನ್ನ ಸಾಕಷ್ಟು ಕಾಲಾವಕಾಶದ ಸೂಚನೆ ಕೊಡಬೇಕೆಂಬ ಬೇಡಿಕೆಯನ್ನು ಸಂಘಟಿತವಾಗಿ ಮುಂದಿಡಬೇಕು. ಡೋಟಾ ತಂಡಗಳಿಗೆ ದೊರೆಯದಿದ್ದ ಆಸರೆ ಅದೇ: ಅವರ ಪರವಾಗಿ ಒಂದೇ ದನಿಯಲ್ಲಿ ಮಾತನಾಡುವ ಬಲವಾದ ಸಂಘಟನೆ.

2025ರ ಸೆಪ್ಟೆಂಬರ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಐದು ಆಟಗಳ ಅಂತಿಮ ಪಂದ್ಯವನ್ನು ‘ಟೀಮ್ ಫಾಲ್ಕನ್ಸ್’ 3-2ರಿಂದ ಗೆದ್ದಾಗ ಕ್ರೀಡಾಂಗಣ ಹರ್ಷೋದ್ಗಾರದಿಂದ ತುಂಬಿತ್ತು. ಬಹುಮಾನ ಕುಗ್ಗಿದ್ದರೂ ಆಟದ ಸೊಗಸು ಕುಗ್ಗಿರಲಿಲ್ಲ. ಪಂದ್ಯಾವಳಿ ಇನ್ನೂ ನಡೆಯುತ್ತಿದೆ; ಪ್ರಶಸ್ತಿಗೆ ಗೌರವ ಇನ್ನೂ ಇದೆ. ಇದು ಒಂದು ರೀತಿಯಲ್ಲಿ ನೆಮ್ಮದಿಯ ಸಂಗತಿ. ಸರಕು ಗಟ್ಟಿಯಾಗಿದ್ದರೆ ಥಳುಕು ಹೋದ ಮೇಲೂ ಅದು ಉಳಿಯುತ್ತದೆ. ಆದರೆ ಥಳುಕಿನ ದಿನಗಳ ಅಂದಾಜಿನ ಮೇಲೆ ಸಾಲ ಮಾಡಿದವನು ಉಳಿಯುವನೆಂಬ ಖಾತರಿ ಇಲ್ಲ. ಏರಿದ ಅಂಕಿಯನ್ನು ಕಂಡಾಗ ಅದು ಎಷ್ಟು ಏರಿತೆಂಬುದಕ್ಕಿಂತ, ಯಾರ ಮಳಿಗೆಯಿಂದ ಏರಿತು, ಅದನ್ನು ಇಳಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು ಮೊದಲು ಕೇಳುವವನೇ ನಿಜವಾದ ವ್ಯಾಪಾರಿ.